ವೆನೇಡಿಯಂ ಫ್ಲೋ ಬ್ಯಾಟರಿ: ರಾತ್ರಿ ನೇರಳೆ, ಬೆಳಿಗ್ಗೆ ಹಸಿರು!

ಪ್ರಶ್ನೆ:
ಕಲಿಯೋಣ ಅಂತ ಮೇಜಿನ ಮೇಲೆ ಒಂದು ಪುಟ್ಟ ಫ್ಲೋ ಬ್ಯಾಟರಿ (ಹರಿಯುವ ದ್ರಾವಣದಲ್ಲಿ ವಿದ್ಯುತ್ ಕೂಡಿಡುವ ಬ್ಯಾಟರಿ) ಜೋಡಿಸಿದ್ದೇನೆ. ಎರಡು ಬಾಟಲಿ, ಎರಡು ಪಂಪು, ನಡುವೆ ಒಂದೇ ಸೆಲ್. ಬಾಟಲಿಗೆ 200 ಮಿಲಿ, 1.6 ಮೋಲಾರ್ ವೆನೇಡಿಯಂ ದ್ರಾವಣ. ನಿನ್ನೆ ಪೂರ್ತಿ ಚಾರ್ಜ್ ಮಾಡಿದೆ. ಪಾಸಿಟಿವ್ ಕಡೆ ಹಳದಿ, ನೆಗೆಟಿವ್ ಕಡೆ ಚೆಂದದ ನೇರಳೆ. ಖುಷಿಯಲ್ಲಿ ಪಂಪು ನಿಲ್ಲಿಸುವುದನ್ನೇ ಮರೆತು ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದರೆ ನೇರಳೆ ಮಾಯ, ಹಸಿರು ಕೂತಿದೆ. ಹಳದಿ ಮಾತ್ರ ಹಾಗೇ ಇದೆ. ಸೆಲ್ಲಿನೊಳಗೆ ಎರಡು ದ್ರಾವಣ ಬೇರೆ ಇಡುವ ತೆಳು ಪೊರೆ, ಅಂದರೆ ಮೆಂಬ್ರೇನ್, ತೂತಾಗಿದೆಯಾ? ಹೊಸದು ದುಬಾರಿ, ಅದೇ ಭಯ.

ಉತ್ತರ 1:
ಬಾಟಲಿಗೆ ಮುಚ್ಚಳ ಹಾಕಿದ್ದಿರಾ?

ಪ್ರಶ್ನೆ ಕೇಳಿದವರು:
ಇಲ್ಲ. ಟ್ಯೂಬ್ ಇಳಿಬಿಟ್ಟಿದ್ದೆ ಅಷ್ಟೆ. ದ್ರಾವಣ ಮೇಲಿಂದ ಸುರಿಯುತ್ತಿತ್ತು.

ಉತ್ತರ 1:
ಹಾಗಾದರೆ ಮೆಂಬ್ರೇನ್ ಮೇಲೆ ಅನುಮಾನ ಬೇಡ. ಅದು ತೂತಾಗಿದ್ದರೆ ಎರಡೂ ಬೆರೆತು ಹಳದಿಯೂ ಕೆಡುತ್ತಿತ್ತು, ಅಲ್ವಾ? ಇದು ಗಾಳಿಯ ಕೆಲಸ. ನೇರಳೆ ಅಂದರೆ +2 ವೆನೇಡಿಯಂ, ಅಂದರೆ ಎರಡು ಎಲೆಕ್ಟ್ರಾನ್ ಕಳೆದುಕೊಂಡದ್ದು. ಆಕ್ಸಿಜನ್ ಸಿಕ್ಕರೆ ಒಂದು ಎಲೆಕ್ಟ್ರಾನ್ ಬಿಟ್ಟುಕೊಟ್ಟು +3 ಆಗುತ್ತದೆ, ಅದೇ ನಿಮ್ಮ ಹಸಿರು. ರಾತ್ರಿಯಿಡೀ ಪಂಪು ಅದನ್ನು ಗಾಳಿಗೆ ಒಡ್ಡಿ ಒಡ್ಡಿ ಇನ್ನೂ ಬೇಗ ಮುಗಿಸಿದೆ.

ಉತ್ತರ 2:
ಎರಡನ್ನೂ ಒಟ್ಟಿಗೆ ಸುರಿದು ಅರ್ಧರ್ಧ ಹಂಚಿಬಿಡಿ, ಸರಿಹೋಗುತ್ತದೆ. ಎರಡೂ ಕಡೆ ವೆನೇಡಿಯಂ ಇರುವುದರ ಲಾಭವೇ ಅದು. ಕಬ್ಬಿಣ-ಕ್ರೋಮಿಯಂ ಬ್ಯಾಟರಿಯಲ್ಲಿ ಬೆರೆತರೆ ಬೇರ್ಪಡಿಸುವ ಪಾಡು ಬೇರೆ.

ಉತ್ತರ 1:
ದಯವಿಟ್ಟು ಬೇಡ! ಮೆಂಬ್ರೇನ್ ಮೂಲಕ ಅಯಾನು ದಾಟಿ ಏರುಪೇರಾದಾಗ ಆ ಉಪಾಯ ಸರಿ. ಇಲ್ಲಿ ಎಲೆಕ್ಟ್ರಾನ್ ಗಾಳಿಪಾಲಾಗಿದೆ. ಹಳದಿ ಅಂದರೆ +5, ಅದನ್ನೂ ಹಸಿರು +3 ಅನ್ನೂ ಸಮ ಬೆರೆಸಿದರೆ ಎರಡೂ ಬಾಟಲಿ +4, ಬರೀ ನೀಲಿ. ಅದನ್ನು ಚಾರ್ಜ್ ಮಾಡಿದರೆ ಪಾಸಿಟಿವ್ ಕಡೆ +5 ಮುಟ್ಟುವಾಗ ನೆಗೆಟಿವ್ ಕಡೆ +3ರಲ್ಲೇ ಇರುತ್ತದೆ. ಅಂದರೆ ಈಗ ಇರುವಲ್ಲಿಗೇ ವಾಪಸ್. ನಾನು ಹೀಗೇ ಒಂದು ದಿನ ಸುಮ್ನೆ ಹಾಳು ಮಾಡಿಕೊಂಡಿದ್ದೇನೆ.

ಹಸಿರನ್ನು ಮುಟ್ಟಬೇಡಿ. ಹಳದಿಗೆ ಆಕ್ಸಾಲಿಕ್ ಆಮ್ಲ ಹಾಕಿ, ಅದು ಎಲೆಕ್ಟ್ರಾನ್ ಕೊಟ್ಟು +5 ಅನ್ನು +4ಕ್ಕೆ ಇಳಿಸುತ್ತದೆ. ಎರಡು ಮೋಲ್ +5ಕ್ಕೆ ಒಂದು ಮೋಲ್ ಆಮ್ಲ ಸಾಕು. ನಿಮ್ಮ ಲೆಕ್ಕಕ್ಕೆ 0.16 ಮೋಲ್, ನೀರು ಸೇರಿದ ಹರಳಾದರೆ ಸುಮಾರು 20 ಗ್ರಾಂ. ಚಿಟಿಕೆ ಚಿಟಿಕೆಯಾಗಿ ಹಾಕಿ, ಆತುರ ಬೇಡ. ಒಟ್ಟು 7 ಲೀಟರಿಗೂ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಬಾಟಲಿ ಬಾಯಿ ಮುಚ್ಚಬೇಡಿ, ಕಿಟಕಿ ತೆರೆದಿಡಿ. ಕೈಗವಸು, ಕನ್ನಡಕ ಇರಲಿ, ದ್ರಾವಣದಲ್ಲಿ ಸಲ್ಫ್ಯೂರಿಕ್ ಆಮ್ಲ ಇದೆ. ನೀಲಿ ಬಂದರೆ ಒಂದು ಕಡೆ +4, ಇನ್ನೊಂದು ಕಡೆ +3. ಖಾಲಿ ಬ್ಯಾಟರಿ ಇರಬೇಕಾದ್ದೇ ಹಾಗೆ.

ಉತ್ತರ 3:
ಇನ್ನು ಮೇಲೆ ನೆಗೆಟಿವ್ ಬಾಟಲಿಗೆ ನೈಟ್ರೋಜನ್ ಹಾಯಿಸಿ ಬಿಗಿಯಾಗಿ ಮುಚ್ಚಿ. ವಾಪಸ್ ಬರುವ ಟ್ಯೂಬಿನ ತುದಿ ದ್ರಾವಣದೊಳಗೆ ಮುಳುಗಿರಲಿ.

ಪ್ರಶ್ನೆ ಕೇಳಿದವರು:
ಅರ್ಧ ಆಮ್ಲ ಹಾಕಿದ್ದೇನೆ. ಗುಳ್ಳೆ ಏಳುತ್ತಿದೆ. ಹಳದಿಯೂ ಅಲ್ಲ, ನೀಲಿಯೂ ಅಲ್ಲ, ಈಗ ಕಡು ಹಸಿರು. ಕಾಯುತ್ತಾ ಇನ್ನೊಂದು ಬಾಟಲಿಯ ಮುಚ್ಚಳಕ್ಕೆ ಟ್ಯೂಬಿನಳತೆಯ ತೂತು ಕೊರೆಯುತ್ತಿದ್ದೇನೆ.