ಕೃಷಿಭೂಮಿಯನ್ನು ಕೈಗಾರಿಕಾ ವಲಯಕ್ಕೆ ಸೇರಿಸುವ ಪ್ರಸ್ತಾವ: ಆಕ್ಷೇಪಣೆಯಲ್ಲಿ ಏನನ್ನು ಕೇಳಬೇಕು?

ಪ್ರಶ್ನೆ

ನಮ್ಮದು ವೇಗವಾಗಿ ಬೆಳೆಯುತ್ತಿರುವ ಸಣ್ಣ ನಗರ. ಊರಂಚಿನ ಕೃಷಿಭೂಮಿಯೊಂದನ್ನು ಕೈಗಾರಿಕಾ ವಲಯಕ್ಕೆ ಸೇರಿಸುವ ಪ್ರಸ್ತಾವ ನಗರಸಭೆಯ ಮುಂದಿದ್ದು, ಆಕ್ಷೇಪಣೆ ಸಲ್ಲಿಸಲು ಸಾರ್ವಜನಿಕರಿಗೆ ಕಾಲಾವಕಾಶ ನೀಡಲಾಗಿದೆ. ಬಿಡಿಭಾಗಗಳ ಜೋಡಣೆ ಘಟಕವನ್ನಷ್ಟೇ ಕಟ್ಟುವುದಾಗಿಯೂ, ಹೊಗೆಯಾಗಲಿ ರಾಸಾಯನಿಕ ತ್ಯಾಜ್ಯವಾಗಲಿ ಇರುವುದಿಲ್ಲವೆಂದೂ ಅರ್ಜಿದಾರ ಸಂಸ್ಥೆ ಹೇಳಿದೆ. ಊರಿನ ಯುವಜನರಿಗೆ ಕೆಲಸ ಬೇಕೆಂಬ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಕರಡು ನಕ್ಷೆಯಲ್ಲಿ ಕೈಗಾರಿಕೆಯ ನೇರಳೆ ಬಣ್ಣಕ್ಕೂ ವಸತಿಯ ಹಳದಿ ಬಣ್ಣಕ್ಕೂ ನಡುವೆ ಇರುವುದು ಒಂದು ರಸ್ತೆಯ ಗೆರೆ ಮಾತ್ರ. ಆ ಹಳದಿ ಭಾಗದಲ್ಲಿ ಸದ್ಯಕ್ಕೆ ಮನೆಗಳಿಲ್ಲ, ಹಾಗಾಗಿ ಆಕ್ಷೇಪಿಸುವವರೂ ಇಲ್ಲ. ನಾಳೆ ಅಲ್ಲಿ ಮನೆ ಕಟ್ಟುವವರ ಪರವಾಗಿ ಇಂದು ಏನನ್ನು ಕೇಳಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ಭೂಬಳಕೆ ಬದಲಾಗುವುದು ಜಮೀನಿನದು ಎಂಬುದನ್ನು ಮೊದಲು ಗಮನಿಸಿ. ಇಂದು ಜೋಡಣೆ ಘಟಕದ ಮಾತಾಡುತ್ತಿರುವವರು ನಾಳೆ ಜಮೀನನ್ನು ಮಾರಿದರೆ, ಕೊಂಡವರು ಆ ವಲಯದಲ್ಲಿ ಅವಕಾಶವಿರುವ ಬೇರೆ ಯಾವ ಉದ್ಯಮಕ್ಕೆ ಬೇಕಾದರೂ ಅರ್ಜಿ ಹಾಕಬಹುದು. ಹಳೆಯ ಸಂಸ್ಥೆ ಸಭೆಯಲ್ಲಿ ಬಾಯಿಮಾತಿನಲ್ಲಿ ಕೊಟ್ಟ ಭರವಸೆಗೆ ಅವರು ಬದ್ಧರಲ್ಲ. ಆದ್ದರಿಂದ ಸಂಸ್ಥೆಯ ಪ್ರಚಾರಪತ್ರವನ್ನು ಬದಿಗಿಟ್ಟು, ಆ ವಲಯಕ್ಕೆ ಅನುಮತಿಸಲಾದ ಬಳಕೆಗಳ ಪಟ್ಟಿಯನ್ನು ಕೊನೆಯ ಸಾಲಿನವರೆಗೂ ಓದಿ. ಅದರಲ್ಲಿ ಲೋಹಕ್ಕೆ ಲೇಪನ ಕೊಡುವ ಘಟಕ, ದಹನಶೀಲ ವಸ್ತುಗಳ ದಾಸ್ತಾನು, ದೊಡ್ಡ ಗೋದಾಮು ಇವೆಯೇ ನೋಡಿ. ಗೋದಾಮು ಹೊಗೆ ಉಗುಳುವುದಿಲ್ಲವೆಂದು ಜನ ಅದನ್ನು ಸುಲಭವಾಗಿ ಒಪ್ಪಿಬಿಡುತ್ತಾರೆ. ಆದರೆ ಅಲ್ಲಿಗೆ ರಾತ್ರಿಯಿಡೀ ಲಾರಿಗಳು ಬರುತ್ತವೆ, ಅವು ಹಿಂದಕ್ಕೆ ಚಲಿಸುವಾಗ ಹೊರಡುವ ಎಚ್ಚರಿಕೆಯ ಸದ್ದು ಎದುರಿನ ಮಲಗುವ ಕೋಣೆಗೆ ನೇರವಾಗಿ ಕೇಳಿಸುತ್ತದೆ.

ವಲಯದ ಹೆಸರು ಬದಲಾದ ಮಾತ್ರಕ್ಕೆ ಜಮೀನಿನ ಬೆಲೆಯೂ ಬದಲಾಗುತ್ತದೆ ಎಂಬುದನ್ನೂ ಮರೆಯಬಾರದು. ಅಮೆರಿಕದ ಓಹಾಯೋದಲ್ಲಿ ಕ್ಲೀವ್‌ಲ್ಯಾಂಡ್ ನಗರದ ಅಂಚಿನಲ್ಲಿದ್ದ ಯೂಕ್ಲಿಡ್ ಎಂಬ ಸಣ್ಣ ಊರು ಕೈಗಾರಿಕೆಗಳ ವಿಸ್ತರಣೆಗೆ ಮಿತಿ ಹಾಕಿದಾಗ, 68 ಎಕರೆ ಹೊಂದಿದ್ದ ಕಂಪನಿಯೊಂದು ನ್ಯಾಯಾಲಯದ ಮೆಟ್ಟಿಲೇರಿತು. ಕೈಗಾರಿಕೆಗಾದರೆ ಎಕರೆಗೆ ಸುಮಾರು 10,000 ಡಾಲರ್ ಬಾಳುವ ಜಮೀನು ವಸತಿಗಾದರೆ 2,500 ಡಾಲರ್‌ಗೆ ಇಳಿಯುತ್ತದೆ ಎಂಬುದು ಅದರ ವಾದವಾಗಿತ್ತು. 1926ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಊರಿನ ಪರವಾಗಿಯೇ ತೀರ್ಪು ನೀಡಿತು. ಅರ್ಜಿಯ ಹಿಂದೆ ಕಾರ್ಖಾನೆ ಕಟ್ಟುವ ಉದ್ದೇಶವಿದೆಯೋ, ಬೆಲೆ ಏರಿಸಿಕೊಂಡು ಮಾರುವ ಉದ್ದೇಶವಿದೆಯೋ ಎಂದು ಕೇಳುವುದು ಅನುಚಿತವೇನಲ್ಲ. ಇಂತಿಷ್ಟು ವರ್ಷಗಳೊಳಗೆ ನಿರ್ಮಾಣ ಆರಂಭವಾಗದಿದ್ದರೆ ಬದಲಾವಣೆ ರದ್ದಾಗಬೇಕೆಂಬ ಷರತ್ತನ್ನು ನಿಯಮಗಳು ಒಪ್ಪುವುದಾದರೆ ಅದನ್ನು ಖಂಡಿತ ಕೇಳಿ.

ಉತ್ತರ 2

ನಿಮ್ಮ ಆತಂಕದ ತಿರುಳು ಇರುವುದು ಹಳದಿ ಭಾಗದಲ್ಲಿ, ಅದನ್ನು ಬಿಟ್ಟುಕೊಡಬೇಡಿ. ಕಾರ್ಖಾನೆಗೆ ಅನುಮತಿ ಕೊಡುವಾಗ ಇರುವ ಎಚ್ಚರ, ಆಮೇಲೆ ಅದರ ಸುತ್ತ ಬಡಾವಣೆಗಳಿಗೆ ಅನುಮತಿ ಕೊಡುವಾಗ ಇರುವುದಿಲ್ಲ.

ನೆದರ್‌ಲ್ಯಾಂಡ್ಸ್‌ನ ಎನ್‌ಸ್ಕೆಡೆ ನಗರದಲ್ಲಿ ಪಟಾಕಿ ದಾಸ್ತಾನು ಕೇಂದ್ರವೊಂದು 1977ರಲ್ಲಿ ಆರಂಭವಾದಾಗ ಅದು ಊರ ಹೊರಗಿತ್ತು. ನಗರ ಬೆಳೆಯುತ್ತಾ ಹೋಗಿ ಮನೆಗಳು ಅದನ್ನು ಸುತ್ತುವರಿದವು. 2000ದ ಮೇ 13ರಂದು ಅಲ್ಲಿ ಸಂಭವಿಸಿದ ಸ್ಫೋಟದಲ್ಲಿ 23 ಮಂದಿ ಸತ್ತರು, ಸುಮಾರು 400 ಮನೆಗಳು ನಾಶವಾದವು. ಟೆಕ್ಸಾಸ್‌ನ ವೆಸ್ಟ್ ಎಂಬ ಪುಟ್ಟ ಊರಿನಲ್ಲೂ 2013ರ ಏಪ್ರಿಲ್ 17ರಂದು ರಸಗೊಬ್ಬರದ ದಾಸ್ತಾನು ಸಿಡಿದು 15 ಮಂದಿ ಮೃತಪಟ್ಟಾಗ, ಶಾಲೆ, ವೃದ್ಧರ ಶುಶ್ರೂಷಾಲಯ ಮತ್ತು ವಸತಿ ಸಮುಚ್ಚಯಗಳು ಅದರ ಹತ್ತಿರದಲ್ಲೇ ಇದ್ದವು. ದೊಡ್ಡ ಕೈಗಾರಿಕಾ ಅವಘಡಗಳನ್ನು ತಡೆಯಲೆಂದು ಮಾಡಿದ ಯುರೋಪಿನ ಕಾನೂನಾದ ಸೆವೆಸೋ ನಿರ್ದೇಶನ 1982ರಲ್ಲಿ ಬಂದರೂ, ಅಪಾಯಕಾರಿ ಘಟಕ ಮತ್ತು ಜನವಸತಿಯ ನಡುವಿನ ಅಂತರವನ್ನು ಭೂಬಳಕೆ ಯೋಜನೆಯಲ್ಲಿಯೇ ಪರಿಗಣಿಸಬೇಕೆಂಬ ನಿಯಮ ಅದಕ್ಕೆ ಸೇರಿದ್ದು 1996ರ ಪರಿಷ್ಕರಣೆಯಲ್ಲಿ. ಅಂತರವನ್ನು ಮೊದಲೇ ನಕ್ಷೆಯಲ್ಲಿ ಬರೆದಿಡಬೇಕು ಎಂಬುದು ಅಷ್ಟು ತಡವಾಗಿ ಕಾನೂನಾಯಿತು ಎನ್ನುವುದು ನನಗೆ ಇಂದಿಗೂ ನೋವಿನ ಸಂಗತಿ.

ಜಪಾನಿನಲ್ಲಿ ಕೈಗಾರಿಕೆಗೆಂದೇ ಮೀಸಲಾದ ವಲಯದೊಳಗೆ ಮನೆ, ಶಾಲೆ, ಆಸ್ಪತ್ರೆಗಳನ್ನು ಕಟ್ಟುವಂತಿಲ್ಲ. ನಿರ್ಬಂಧ ಎರಡೂ ಕಡೆಗಿರಬೇಕು ಎಂಬ ಈ ತತ್ವವನ್ನು ನಿಮ್ಮ ಆಕ್ಷೇಪಣೆಯಲ್ಲಿ ಹೇಳಿ: ನೇರಳೆಗೆ ತಾಗಿದ ಹಳದಿ ಪಟ್ಟಿಯನ್ನು ಹಸಿರು ವಲಯವಾಗಿಯೋ, ಕಚೇರಿ ಮತ್ತು ವಾಣಿಜ್ಯ ಬಳಕೆಗಾಗಿಯೋ ಬದಲಿಸಬೇಕೆಂದು ಕೇಳಿ. ಗಾಳಿ ವರ್ಷದ ಹೆಚ್ಚು ಕಾಲ ಯಾವ ದಿಕ್ಕಿನಿಂದ ಬೀಸುತ್ತದೆ, ಮಳೆನೀರು ಯಾವ ಕೆರೆಗೆ ಹರಿಯುತ್ತದೆ ಎಂಬುದನ್ನೂ ನಕ್ಷೆಯ ಮೇಲೆ ಗುರುತಿಸಿ ಲಗತ್ತಿಸಿದರೆ ಒಳ್ಳೆಯದು.

ಉತ್ತರ 3

ಮೇಲಿನ ಮಾತುಗಳನ್ನು ಬಹುಮಟ್ಟಿಗೆ ಒಪ್ಪುತ್ತೇನಾದರೂ ಒಂದು ಭಿನ್ನಾಭಿಪ್ರಾಯವಿದೆ. ಎಲ್ಲ ಉದ್ಯಮವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಊರಿನಿಂದ ದೂರ ಅಟ್ಟಿದರೆ, ಕೆಲಸಗಾರರು ದಿನವೂ ಬಹಳ ದೂರ ಓಡಾಡಬೇಕಾಗುತ್ತದೆ. ಅಷ್ಟು ದೂರ ಹೋಗಲಾಗದ ಸಣ್ಣ ಘಟಕಗಳು ಪರವಾನಗಿಯಿಲ್ಲದೆ ಮನೆಗಳ ನಡುವೆಯೇ ಸೇರಿಕೊಳ್ಳುತ್ತವೆ, ಅವುಗಳ ಮೇಲೆ ಯಾರ ನಿಗಾವೂ ಇರುವುದಿಲ್ಲ. ಹೊಲಿಗೆ ಘಟಕಕ್ಕೂ ಆಮ್ಲ ಬಳಸುವ ಘಟಕಕ್ಕೂ ಒಂದೇ ಅಂತರ ವಿಧಿಸುವುದು ಸರಿಯಲ್ಲ. ಜಮೀನಿನ ಗಡಿಯಲ್ಲಿ ರಾತ್ರಿ ಅಳೆದ ಶಬ್ದ, ಹೊರಬಿಡುವ ನೀರಿನ ಗುಣಮಟ್ಟ, ದಾಸ್ತಾನು ಮಾಡುವ ಅಪಾಯಕಾರಿ ವಸ್ತುವಿನ ಪ್ರಮಾಣ, ಇವುಗಳಿಗೆ ಮಿತಿ ನಿಗದಿಪಡಿಸಿ ಅದರ ಆಧಾರದ ಮೇಲೆ ಹತ್ತಿರ ಅಥವಾ ದೂರ ಇಡುವುದು ಹೆಚ್ಚು ನ್ಯಾಯವಾದ ಕ್ರಮ. ಆದರೆ ಅಳೆಯುವ ಸಿಬ್ಬಂದಿಯೂ ಉಪಕರಣವೂ ನಗರಸಭೆಯ ಬಳಿ ಇಲ್ಲದಿದ್ದರೆ ಆ ಮಿತಿಗಳು ಕಾಗದದಲ್ಲೇ ಉಳಿಯುತ್ತವೆ. ಆಗ ಉತ್ತರ 2ರಲ್ಲಿ ಹೇಳಿರುವ ಅಂತರವೇ ಗಟ್ಟಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಪ್ರಸ್ತಾವವನ್ನು ಪೂರ್ತಿ ವಿರೋಧಿಸುವ ಬದಲು, ಬಳಕೆಗಳ ಪಟ್ಟಿಯನ್ನು ಕಿರಿದುಗೊಳಿಸಬೇಕೆಂದೂ ರಸ್ತೆಯಾಚೆಗಿನ ಹಳದಿ ಪಟ್ಟಿಯನ್ನು ಇದೇ ಆದೇಶದಲ್ಲಿ ಬದಲಿಸಬೇಕೆಂದೂ ಬರೆಯಲು ತೀರ್ಮಾನಿಸಿದ್ದೇನೆ. ಇದನ್ನು ಸಭೆಯಲ್ಲಿ ಹೇಳಿದರೆ ಸಾಕೇ?

ಉತ್ತರ 1

ಸಾಲದು. ಲಿಖಿತವಾಗಿ ಗಡುವಿನೊಳಗೆ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ಮುಂದೆ ಮೇಲ್ಮನವಿ ಸಲ್ಲಿಸಬೇಕಾದ ಪ್ರಸಂಗ ಬಂದರೆ ಕಡತದಲ್ಲಿ ದಾಖಲಾಗಿರುವ ಆಕ್ಷೇಪಣೆಯೇ ನಿಮ್ಮ ಕೈಹಿಡಿಯುವುದು. ಹಳದಿ ಪಟ್ಟಿಯ ಬದಲಾವಣೆಯನ್ನು ನಂತರ ನೋಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಏಕೆಂದರೆ ಅಷ್ಟರಲ್ಲಿ ಅಲ್ಲಿನ ನಿವೇಶನಗಳು ಮಾರಾಟವಾಗಿರುತ್ತವೆ.