ಅಪ್‌ಡೇಟ್: ಪ್ರಕಾಶಕರ ವಿವರ ಎಕ್ಸ್‌ಎಮ್‌ಎಲ್‌ನಲ್ಲಿ ಎಲ್ಲಿಡೋದು ಅನ್ನೋದು ತೀರ್ಮಾನ ಆಯ್ತು

ನಮ್ಮ ಲೈಬ್ರರಿ ಕ್ಯಾಟಲಾಗ್ ಇರೋದು ಎಕ್ಸ್‌ಎಮ್‌ಎಲ್ ಫೈಲಲ್ಲಿ (ಮಾಹಿತಿನ ಹೆಸರಿಟ್ಟ ಟ್ಯಾಗ್‌ಗಳ ಒಳಗೆ ಬರೆದಿಡೋ ಫಾರ್ಮ್ಯಾಟ್). ಅದರಲ್ಲಿ ಪ್ರತಿ ಪುಸ್ತಕದ ಒಳಗೂ ಪ್ರಕಾಶಕರ ಹೆಸರು, ವಿಳಾಸ, ಫೋನ್ ರಿಪೀಟ್ ಆಗ್ತಿದೆ, ಹಾಗೇ ಬಿಡ್ಲಾ ಇಲ್ಲಾ ಒಂದೇ ಕಡೆ ಇಟ್ಟು ರೆಫರೆನ್ಸ್ ಕೊಡ್ಲಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್.

ಒಂದೇ ಕಡೆ ಇಟ್ವಿ. ಫೈಲ್‌ನ ಮೇಲ್ಗಡೆ ಪ್ರಕಾಶಕರದ್ದೇ ಒಂದು ಭಾಗ, ಪುಸ್ತಕದ ಎಲಿಮೆಂಟಲ್ಲಿ (ಆ ಪುಸ್ತಕದ ಟ್ಯಾಗ್ ಇರೋ ಭಾಗ) ಅವರ ಕೋಡ್ ಮಾತ್ರ. ಇದಕ್ಕೆ ತುಂಬಾ ಜನ ಡಿಟಿಡಿಯ (ಎಕ್ಸ್‌ಎಮ್‌ಎಲ್ ಫೈಲ್ ಹೇಗಿರ್ಬೇಕು ಅಂತ ನಿಯಮ ಬರೆಯೋ ಹಳೇ ವಿಧಾನ) ಐಡಿ (ಗುರುತು), ಐಡಿರೆಫ್ (ಆ ಗುರುತಿಗೆ ಕೊಡೋ ರೆಫರೆನ್ಸ್) ಸಾಕು ಅಂದಿದ್ರಿ, ಆದ್ರೆ ನಮ್ಮ ಕೋಡೆಲ್ಲ 104, 117 ಥರ ಬರೀ ನಂಬರ್, ಐಡಿ ಅಂಕಿಯಿಂದ ಶುರು ಆಗೋ ಹಾಗಿಲ್ಲ, ಜೊತೆಗೆ ಐಡಿರೆಫ್ ನೋಡೋದು ಆ ಐಡಿ ಡಾಕ್ಯುಮೆಂಟಲ್ಲಿ ಎಲ್ಲಾದ್ರೂ ಇದ್ಯಾ ಅಂತ ಅಷ್ಟೇ, ಪ್ರಕಾಶಕರ ಜಾಗದಲ್ಲಿ ಲೇಖಕರ ಐಡಿ ಹಾಕಿದ್ರೂ ವ್ಯಾಲಿಡ್ ಅಂದ್ಬಿಡುತ್ತೆ! ಅದಕ್ಕೇ ಎಕ್ಸ್‌ಎಸ್‌ಡಿಯ (ಅದೇ ಥರ ನಿಯಮ ಬರೆಯೋ ಹೊಸ ವಿಧಾನ) ಕೀ, ಕೀರೆಫ್ ಅನ್ನೋ ಗುರುತು-ರೆಫರೆನ್ಸ್ ಜೋಡಿ ಹಿಡಿದ್ವಿ. ಅದರಲ್ಲಿ ನಂಬರ್ ಕೋಡೂ ನಡಿಯುತ್ತೆ, ಪ್ರಕಾಶಕರ ಪಟ್ಟಿಯಲ್ಲೇ ಇರ್ಬೇಕು ಅಂತ ಕಟ್ಟುನಿಟ್ಟೂ ಮಾಡ್ಬಹುದು. ಪೇಜ್ ತಯಾರಾಗುವಾಗ ಎಕ್ಸ್‌ಎಸ್‌ಎಲ್‌ಟಿಯ (ಎಕ್ಸ್‌ಎಮ್‌ಎಲ್‌ನ ಬೇರೆ ರೂಪಕ್ಕೆ ಬದಲಾಯಿಸೋ ಭಾಷೆ) ಕೀ ಫಂಕ್ಷನ್ ವಿಳಾಸ ಹುಡುಕಿ ಕೊಡುತ್ತೆ.

ಖರೀದಿ ಬಿಲ್‌ಗಳ ಫೈಲಲ್ಲಿ ಮಾತ್ರ ವಿಳಾಸ ಪೂರ್ತಿ ಕಾಪಿ ಮಾಡಿಯೇ ಇಡ್ತೀವಿ, ಯಾಕಂದ್ರೆ ಪ್ರಕಾಶಕರು ನಾಳೆ ಆಫೀಸ್ ಬದಲಾಯಿಸಿದ್ರೂ ಹಳೇ ಬಿಲ್‌ನಲ್ಲಿ ಅವತ್ತಿನ ವಿಳಾಸವೇ ಇರ್ಬೇಕಲ್ವಾ, ಅಲ್ಲಿ ರಿಪೀಟ್ ಆಗೋದೇ ಸರಿ.

ಎಕ್ಸ್‌ಟರ್ನಲ್ ಎಂಟಿಟಿ (ಬೇರೆ ಫೈಲಿನ ವಿಷಯನ ಎಕ್ಸ್‌ಎಮ್‌ಎಲ್ ಒಳಗೆ ಎಳೆದು ತರೋ ಸೌಲಭ್ಯ) ಬಳಸಿ ಅಂದವ್ರಿಗೆ: ಹೊರಗಿಂದ ಬರೋ ಎಕ್ಸ್‌ಎಮ್‌ಎಲ್ ಕೂಡ ಇದೇ ಪಾರ್ಸರ್ (ಎಕ್ಸ್‌ಎಮ್‌ಎಲ್ ಓದೋ ಪ್ರೋಗ್ರಾಮ್) ಓದುತ್ತೆ, ಎಂಟಿಟಿ ಆನ್ ಇದ್ರೆ ಯಾರೋ ಕಳಿಸಿದ ಫೈಲ್ ನಮ್ಮ ಸರ್ವರ್‌ನ ಬೇರೆ ಫೈಲನ್ನೇ ಓದಿಸ್ಬಹುದು, ಹಾಗಾಗಿ ಅದನ್ನ ಆಫ್ ಮಾಡೇ ಇಟ್ಟಿದೀವಿ.