14 ವರ್ಷ ಹಳೆಯ ಕ್ಲಾಸ್ ಎ ಆಂಪ್, ಇಲ್ಲಾ ಶೋರೂಮ್ ಡೆಮೊ ಪೀಸ್: ಯಾವುದಕ್ಕೆ ದುಡ್ಡು ಹಾಕಲಿ?

ಮಂದ್ರಸ್ಥಾಯಿ:

ಎಲ್ಲರಿಗೂ ನಮಸ್ಕಾರ. ಒಳ್ಳೆಯ ಇಂಟಿಗ್ರೇಟೆಡ್ ಆಂಪ್ (ಸ್ಪೀಕರ್ ನುಡಿಸುವ, ವಾಲ್ಯೂಮ್ ಎಲ್ಲ ಒಂದೇ ಡಬ್ಬದಲ್ಲಿರುವ ಆಂಪ್ಲಿಫೈಯರ್) ತಗೊಳ್ಳಬೇಕು ಅಂತ ತುಂಬಾ ದಿನದಿಂದ ದುಡ್ಡು ಕೂಡಿಡುತ್ತಿದ್ದೆ. ಈಗ ಎರಡು ಸಿಕ್ಕಿವೆ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ರೇಟು ಹೇಳುತ್ತಿದ್ದಾರೆ, ಅದಕ್ಕೇ ತೀರ್ಮಾನ ಆಗುತ್ತಿಲ್ಲ.

ಒಂದು, 14 ವರ್ಷ ಹಳೆಯ ಕ್ಲಾಸ್ ಎ ಆಂಪ್. ಒಬ್ಬರೇ ಬಳಸಿದ್ದು. ಬಿಲ್, ರಿಮೋಟ್, ಕಂಪನಿಯ ಡಬ್ಬ ಎಲ್ಲ ಇದೆ. ಹೊಸದಿದ್ದಾಗ ಇದನ್ನು ಕೊಳ್ಳುವ ಮಾತೇ ಇರಲಿಲ್ಲ, ಅಷ್ಟು ದುಬಾರಿ. ಇನ್ನೊಂದು, ಡೀಲರ್ ಹತ್ತಿರ ಇರುವ ಡೆಮೊ ಪೀಸ್. ಈಗಲೂ ಮಾರಾಟದಲ್ಲಿರುವ ಮಾಡೆಲ್, ಒಳಗೇ ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಭಾಗ) ಮತ್ತು ಸ್ಟ್ರೀಮರ್ (ಇಂಟರ್ನೆಟ್‌ನಿಂದ ಹಾಡು ನುಡಿಸುವ ಭಾಗ) ಇದೆ, ಮೇಲುಗಡೆ ಒಂದು ಗೀರು ಬಿದ್ದಿರುವುದು ಬಿಟ್ಟರೆ ನೋಡೋಕೆ ಹೊಸದೇ.

ಎರಡನ್ನೂ ಕೂತು ಕೇಳಿದೆ. ನನಗೆ ಹಿಡಿಸಿದ್ದು ಹಳೆಯದು. ಹಾಡುವವರು ಸಾಲಿನ ನಡುವೆ ಉಸಿರು ಎಳೆದುಕೊಳ್ಳುವುದು, ತಂತಿ ಮೀಟಿದ ಮೇಲೆ ನಾದ ನಿಧಾನಕ್ಕೆ ಕರಗುವುದು, ಇವೆಲ್ಲ ಅದರಲ್ಲಿ ತುಂಬಾ ಚೆನ್ನಾಗಿ ಕೇಳಿಸಿತು. ಆದರೆ 14 ವರ್ಷ ಅಂದರೆ ಕಡಿಮೆಯಲ್ಲ, ಅಲ್ವಾ? ಮನೆಗೆ ತಂದ ಆರು ತಿಂಗಳಿಗೇ ಕೈಕೊಟ್ಟರೆ ಏನು ಮಾಡೋದು? ಇದರ ಜೊತೆ ಸ್ಪೀಕರ್ ಕೂಡ ಸೆಕೆಂಡ್ ಹ್ಯಾಂಡೇ ನೋಡುತ್ತಿದ್ದೇನೆ. ಏನೇನು ಪರೀಕ್ಷೆ ಮಾಡಬೇಕು, ತಿಳಿದವರು ಹೇಳಿ.

ಸೋಲ್ಡರಿಂಗ್ ಐರನ್:

ಎಷ್ಟು ವರ್ಷ ಆಯಿತು ಅನ್ನೋದಕ್ಕಿಂತ ಎಷ್ಟು ಬಿಸಿಯಲ್ಲಿ ಇತ್ತು ಅನ್ನೋದು ಮುಖ್ಯ ಸರ್. ಕ್ಲಾಸ್ ಎ ಆಂಪ್‌ನಲ್ಲಿ ಹಾಡು ಹಾಕದಿದ್ದರೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಕರೆಂಟ್ ಜೋರಾಗಿ ಹರಿಯುತ್ತಲೇ ಇರುತ್ತದೆ, ಸುಮ್ನೆ ಆನ್ ಮಾಡಿ ಬಿಟ್ಟರೂ ಹೀಟ್‌ಸಿಂಕ್ ಚೆನ್ನಾಗಿ ಕಾಯುತ್ತದೆ. ಆ ಬಿಸಿಗೆ ಮೊದಲು ಸೊರಗುವುದು ಚಾರ್ಜ್ ಹಿಡಿದಿಡುವ, ಒಳಗೆ ದ್ರವ ಇರುವ ಎಲೆಕ್ಟ್ರೋಲಿಟಿಕ್ ಕ್ಯಾಪಾಸಿಟರ್‌ಗಳು. 10 ಡಿಗ್ರಿ ಸೆಲ್ಸಿಯಸ್ ಜಾಸ್ತಿಯಾದರೆ ಅವುಗಳ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನೋದು ನಮ್ಮ ಕೆಲಸದಲ್ಲಿ ಎಲ್ಲರೂ ಇಟ್ಟುಕೊಂಡಿರುವ ಅಂದಾಜು ಲೆಕ್ಕ. ಹಾಗಾಗಿ ಮೊದಲು ಕೇಳಿ: ಆಂಪ್ ತೆರೆದ ರ್‍ಯಾಕ್‌ನಲ್ಲಿತ್ತಾ, ಬಾಗಿಲು ಹಾಕಿದ ಕಪಾಟಿನಲ್ಲಿತ್ತಾ? ದಿನವಿಡೀ ಆನ್ ಇರುತ್ತಿತ್ತಾ?

ಒಳಗಿನ ಫೋಟೋ ಕೇಳಿ. ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟೇ ಮುಚ್ಚಳ ತೆಗೆಯಬೇಕು, ಆ ದೊಡ್ಡ ಕ್ಯಾಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ, ಒಳಗೆ ಕೈ ಹಾಕೋದು ಬೇಡವೇ ಬೇಡ. ಕ್ಯಾಪಾಸಿಟರ್ ತಲೆ ಉಬ್ಬಿದೆಯಾ, ಬುಡದಲ್ಲಿ ಏನಾದರೂ ಸೋರಿದ ಕಲೆ ಇದೆಯಾ ನೋಡಿ. ಉಬ್ಬಿಲ್ಲ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತಲ್ಲ, ಒಳಗೆ ಒಣಗಿದ್ದು ಕಣ್ಣಿಗೆ ಕಾಣುವುದಿಲ್ಲ.

ಹೋಗುವಾಗ ಮಲ್ಟಿಮೀಟರ್ ಒಯ್ಯಿರಿ. ಸ್ಪೀಕರ್ ವೈರ್ ಬಿಚ್ಚಿ, ವಾಲ್ಯೂಮ್ ಸೊನ್ನೆಗೆ ತಂದು, ಕೆಂಪು ಕಪ್ಪು ಟರ್ಮಿನಲ್‌ಗಳ ನಡುವೆ ಡಿಸಿ ಎಷ್ಟಿದೆ ಅಳೆಯಿರಿ. ಹಾಡಿಲ್ಲದಾಗಲೂ ಸ್ಪೀಕರ್‌ಗೆ ಹೋಗುವ ಈ ವೋಲ್ಟೇಜಿಗೇ ಆಫ್‌ಸೆಟ್ ಅನ್ನೋದು, ಜಾಸ್ತಿಯಾದರೆ ಸ್ಪೀಕರ್ ಸುಡಬಹುದು. 20 ಮಿಲಿವೋಲ್ಟ್ ಒಳಗಿದ್ದರೆ ಚೆನ್ನ. 50 ದಾಟಿದರೆ ಕಾರಣ ಹುಡುಕಬೇಕು. 100 ದಾಟಿದರೆ ರಿಪೇರಿ ಆಗುವ ತನಕ ಅದಕ್ಕೆ ಸ್ಪೀಕರ್ ಜೋಡಿಸಬೇಡಿ. ಆನ್ ಮಾಡಿದ ತಕ್ಷಣ ಒಮ್ಮೆ, ಒಂದು ಗಂಟೆ ಬಿಸಿಯಾದ ಮೇಲೆ ಇನ್ನೊಮ್ಮೆ.

ಆಮೇಲೆ ವಾಲ್ಯೂಮ್ ತೀರಾ ಕಡಿಮೆ ಇಟ್ಟು ಕೇಳಿ. ಒಂದು ಕಡೆಯ ಧ್ವನಿ ಹೋಗಿ, ವಾಲ್ಯೂಮ್ ಏರಿಸಿದಾಗ ಫಕ್ಕನೆ ವಾಪಸ್ ಬಂದರೆ ಹೆಚ್ಚಾಗಿ ಸ್ಪೀಕರ್ ರಿಲೇಯ (ಸ್ಪೀಕರ್ ಸಂಪರ್ಕ ಜೋಡಿಸಿ ಬಿಡಿಸುವ ಒಳಗಿನ ಸ್ವಿಚ್) ಕಾಂಟ್ಯಾಕ್ಟ್ ಕಪ್ಪಾಗಿರುತ್ತದೆ. ಸಣ್ಣ ರಿಪೇರಿ, ಆದರೆ ಚೌಕಾಸಿಗೆ ಉಪಯೋಗಕ್ಕೆ ಬರುತ್ತದೆ. ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಸಾಮಾನ್ಯವಾಗಿ ಧೂಳು. ಸ್ಪ್ರೇ ಹೊಡೆದರೂ ಮತ್ತೆ ಮತ್ತೆ ಬಂದರೆ ಮಾತ್ರ, ಡಿಸಿ ತಡೆದು ಹಾಡನ್ನಷ್ಟೇ ಮುಂದೆ ಬಿಡಬೇಕಾದ ಕಪ್ಲಿಂಗ್ ಕ್ಯಾಪಾಸಿಟರ್ ದಾಟಿ ಡಿಸಿ ಬರುತ್ತಿದೆಯಾ ಅಂತ ನೋಡಿಸಬೇಕು.

ಹಳೇ ರೇಡಿಯೋ:

ನನ್ನ ವೋಟು ಡೆಮೊ ಪೀಸ್‌ಗೆ. ಆದರೆ ಡೆಮೊ ಅಂದರೆ ಏನು ಅಂತ ಡೀಲರ್ ಬಾಯಿಂದಲೇ ಹೇಳಿಸಿ. ಶೋರೂಮಿನಲ್ಲಿ ಇಟ್ಟಿದ್ದಾ, ಪ್ರದರ್ಶನಗಳಿಗೆ ಅಂತ ಊರೂರು ಸುತ್ತಿ ಬಂದಿದ್ದಾ, ಗಿರಾಕಿ ಒಯ್ದು ವಾಪಸ್ ಕೊಟ್ಟಿದ್ದಾ, ಎಲ್ಲಕ್ಕೂ ಅದೇ ಚೀಟಿ ಅಂಟಿಸುತ್ತಾರೆ. ಒಂದೇ ಕಡೆ ಕೂತಿದ್ದರೆ ಚಿಂತೆಯಿಲ್ಲ. ವಾಪಸ್ ಬಂದಿದ್ದಾದರೆ ಯಾಕೆ ಬಂತು ಅಂತ ಗೊತ್ತಾಗಬೇಕು. ಮೇಲಿನ ಗೀರು ಬಿಡಿ, ತಳ ಮತ್ತು ಹಿಂಭಾಗದ ಸ್ಕ್ರೂ ನೋಡಿ. ಸ್ಕ್ರೂ ತಲೆಯ ಬಣ್ಣ ಎದ್ದು ಲೋಹ ಹೊಳೆಯುತ್ತಿದ್ದರೆ ಯಾರೋ ಬಿಚ್ಚಿದ್ದಾರೆ ಅಂತ ಲೆಕ್ಕ.

ವಾರಂಟಿ ನಿಮ್ಮ ಬಿಲ್ ತಾರೀಖಿನಿಂದಲೋ, ಡೀಲರ್‌ಗೆ ಮಾಲು ಬಂದ ತಾರೀಖಿನಿಂದಲೋ? ಸೀರಿಯಲ್ ನಂಬರ್ ಸಮೇತ ಬಿಲ್ ಮೇಲೆ ಬರೆಸಿ. ಆ ನಂಬರ್ ಕೊಟ್ಟು ಕಂಪನಿಗೂ ಒಂದು ಮೇಲ್ ಹಾಕಿ, ಬೇರೆ ದೇಶದ ಮಾರಾಟಕ್ಕೆ ಅಂತ ಮಾಡಿದ ಪೀಸ್ ಆದರೆ ಎಷ್ಟೋ ಕಂಪನಿಗಳು ವಾರಂಟಿ ಒಪ್ಪುವುದಿಲ್ಲ. ಹಿಂದುಗಡೆ ಬರೆದಿರುವ ವೋಲ್ಟೇಜ್ ಕೂಡ ಓದಿ: ಜಪಾನಿಗೆ ಮಾಡಿದ್ದು 100, ಅಮೆರಿಕಕ್ಕೆ ಮಾಡಿದ್ದು 120. ಇದು ಹಳೆಯ ಆಂಪ್‌ಗೂ ಅನ್ವಯಿಸುತ್ತದೆ.

ನನಗೆ ಇಷ್ಟವಾಗದ್ದು ಒಳಗಿರುವ ಸ್ಟ್ರೀಮರ್. ಆಂಪ್ ಭಾಗ 20 ವರ್ಷ ಬಾಳಬಹುದು, ಆಪ್‌ಗೆ ಅಪ್‌ಡೇಟ್ ನಿಂತರೆ ಸ್ಟ್ರೀಮರ್ ಕತೆ ಅಷ್ಟೇ. ಎಂಕ್ಯೂಎ ಅನ್ನೋ ಸ್ಟ್ರೀಮಿಂಗ್ ಆಡಿಯೋ ಫಾರ್ಮ್ಯಾಟ್ ಬಗ್ಗೆ ಎಷ್ಟು ಸದ್ದಿತ್ತು ನೆನಪಿದೆಯಾ, ಆ ಕಂಪನಿ 2023ರಲ್ಲಿ ಮುಳುಗುವ ಹಂತಕ್ಕೆ ಹೋಗಿ ಬೇರೆಯವರ ಕೈ ಸೇರಿತು, 2024ರಲ್ಲಿ ಹಾಡಿನ ಸ್ಟ್ರೀಮಿಂಗ್ ಸೇವೆ ಟೈಡಲ್ ಕೂಡ ಅದನ್ನು ಕೈಬಿಟ್ಟಿತು. ಆಂಪ್ ಮುಂಭಾಗದಲ್ಲಿ ಆ ಲೋಗೋ ಇದೆ ಅಂತ ಜಾಸ್ತಿ ದುಡ್ಡು ಕೊಡಬೇಡಿ. ಡಿಜಿಟಲ್ ಬೋರ್ಡ್ ತೆಗೆದು ಬೇರೆ ಹಾಕಬಹುದಾದ ಮಾಡೆಲ್ ಆದರೆ ಧೈರ್ಯವಾಗಿ ತಗೊಳ್ಳಿ.

ಪೇಪರ್ ಕೋನ್:

ಸ್ಪೀಕರ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಟ್ಟ ದುಡ್ಡಿಗೆ ಮೋಸವಾಗದ ಮಾಲು ಅಂದರೆ ಸ್ಪೀಕರ್. ಹಾಳಾಗುವ ಜಾಗಗಳು ಕಡಿಮೆ, ಅವೂ ಕಣ್ಣಿಗೆ ಕಿವಿಗೆ ಸಿಗುತ್ತವೆ. ಗ್ರಿಲ್ ತೆಗೆಸದೆ ಮಾತ್ರ ದುಡ್ಡು ಕೊಡಬೇಡಿ. ವೂಫರ್ (ತಗ್ಗು ಸ್ವರದ ದೊಡ್ಡ ಡ್ರೈವರ್) ಕೋನ್ ಸುತ್ತ ಇರುವ ಅಂಚು ಫೋಮಿನದ್ದಾ ರಬ್ಬರಿನದ್ದಾ ನೋಡಿ. ಫೋಮ್ ಆದರೆ 15-20 ವರ್ಷಕ್ಕೆ, ತೇವ ಜಾಸ್ತಿ ಇರುವ ಕಡೆ ಇನ್ನೂ ಬೇಗ, ಬೆರಳು ತಾಗಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಹೊಸ ಅಂಚು ಅಂಟಿಸಬಹುದು, ಕೋನ್ ಸರಿಯಾಗಿ ಮಧ್ಯಕ್ಕೆ ಕೂರಿಸಿ ಅಂಟಿಸುವ ಕೈ ಬೇಕು ಅಷ್ಟೇ. ರಬ್ಬರ್ ತುಂಬಾ ಕಾಲ ಬಾಳುತ್ತದೆ.

ಎರಡೂ ಕೈಯ ಬೆರಳುಗಳನ್ನು ಕೋನಿನ ಆಚೆ ಈಚೆ ಇಟ್ಟು, ಒಂದೇ ಸಮ, ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ಸದ್ದಿಲ್ಲದೆ ಹೋಗಿ ಬರಬೇಕು. ಪರ್ ಅಂತ ಉಜ್ಜಿದ ಸದ್ದು ಬಂದರೆ ಕೋನಿನ ಹಿಂದಿರುವ ವಾಯ್ಸ್ ಕಾಯಿಲ್ (ತಂತಿಯ ಸುರುಳಿ) ತಾಗುತ್ತಿದೆ, ಅದನ್ನು ಅಲ್ಲೇ ಬಿಟ್ಟು ಬನ್ನಿ. ಟ್ವೀಟರ್ (ತಾರ ಸ್ವರದ ಚಿಕ್ಕ ಡ್ರೈವರ್) ಮುಟ್ಟಲೇಬೇಡಿ, ಅದರಲ್ಲೂ ಬೆರಿಲಿಯಂ ಲೋಹದ ಡೋಮ್ ಇರುವುದನ್ನು. ಮೋನೋ ಹಾಡು ಹಾಕಿ ಒಂದೊಂದೇ ಸ್ಪೀಕರ್ ಕೇಳಿ. ಒಂದರಲ್ಲಿ ಸಿಂಬಲ್ ಸದ್ದು ಮಂಕಾಗಿದ್ದರೆ ಟ್ವೀಟರ್ ಒಳಗಿನ ಫೆರೋಫ್ಲೂಯಿಡ್ ಅನ್ನೋ ಕಾಂತೀಯ ದ್ರವ ಒಣಗಿರಬಹುದು.

ಸೀರಿಯಲ್ ನಂಬರ್ ನೋಡಿ ಜೋಡಿ ನಿಜವಾಗಿ ಜೋಡಿಯೇನಾ ಅಂತ ಖಾತ್ರಿ ಮಾಡಿಕೊಳ್ಳಿ. ಬಿಬಿಸಿ ಡಿಸೈನಿನ ಎಲ್‌ಎಸ್3/5ಎಯಲ್ಲಿ 15 ಓಮ್, 11 ಓಮ್ ಅಂತ ಎರಡು ಬಗೆ ಇದೆ, ಸ್ವರವನ್ನು ವೂಫರ್, ಟ್ವೀಟರ್‌ಗೆ ಹಂಚುವ ಕ್ರಾಸ್‌ಓವರ್ ಬೇರೆ ಬೇರೆ. ಎರಡನ್ನೂ ಬೆರೆಸಿ ಜೋಡಿ ಅಂತ ಕೊಟ್ಟರೆ ಹಾಡುವವರ ಧ್ವನಿ ಎರಡು ಸ್ಪೀಕರ್‌ಗಳ ನಡುವಿನಿಂದ ಬಂದಂತೆ ಕೇಳಿಸುವುದೇ ಇಲ್ಲ.

ಮಂದ್ರಸ್ಥಾಯಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಳೆಯ ಆಂಪ್‌ನವರ ಮನೆಗೆ ಮೀಟರ್ ಹಿಡಿದು ಹೋಗಿ ಬಂದೆ. ತೆರೆದ ರ್‍ಯಾಕ್, ಸಂಜೆ ಮಾತ್ರ ಆನ್, ಒಮ್ಮೆಯೂ ಸರ್ವೀಸ್ ಆಗಿಲ್ಲ. ಆನ್ ಮಾಡಿದಾಗ ಎಡ 9, ಬಲ 30 ಮಿಲಿವೋಲ್ಟ್. ಒಂದು ಗಂಟೆ ಆದ ಮೇಲೆ ಎಡ 11, ಬಲ 61. ರಿಲೇ ಸರಿಯಿದೆ. ಡೀಲರ್ ಕಡೆಯದು ಶೋರೂಮ್ ಪೀಸೇ, ವಾರಂಟಿ ಬಿಲ್ ತಾರೀಖಿನಿಂದ ಅಂತ ಬಾಯಲ್ಲಿ ಹೇಳುತ್ತಾರೆ, ಬರೆದುಕೊಡಿ ಅಂದರೆ ನೋಡೋಣ ಅನ್ನುತ್ತಾರೆ. ಸ್ಟ್ರೀಮರ್ ಬೋರ್ಡ್ ಬದಲಿಸೋಕೆ ಆಗಲ್ಲವಂತೆ.

ಹಳೇ ರೇಡಿಯೋ:

ಬರೆದುಕೊಡಲ್ಲ ಅಂದರೆ ನನ್ನ ವೋಟು ಬದಲಾಯಿತು. ಸೆಕೆಂಡ್ ಹ್ಯಾಂಡ್ ರೇಟಿಗೆ ಇಳಿದರೆ ನೋಡಿ, ಇಲ್ಲಾಂದ್ರೆ ಬಿಡಿ.

ಸೋಲ್ಡರಿಂಗ್ ಐರನ್:

61ಕ್ಕೆ ಗಾಬರಿ ಬೇಡ. ಎಡಗಡೆ ಅಲ್ಲಾಡಿಲ್ಲ, ಬಲಗಡೆ ಮಾತ್ರ ಬಿಸಿಯಾದಂತೆ ಏರುತ್ತಿದೆ. ಹೊಂದಿಸುವ ಸಣ್ಣ ತಿರುಗಣೆ, ಟ್ರಿಮ್ ಪಾಟ್ ಇರಬಹುದು, ಇನ್‌ಪುಟ್ ಭಾಗದ ಜೋಡಿ ಟ್ರಾನ್ಸಿಸ್ಟರ್ ಇರಬಹುದು, ಎರಡೂ ರಿಪೇರಿ ಆಗುವಂಥವೇ. ಹೇಗೂ 14 ವರ್ಷದಿಂದ ಸರ್ವೀಸ್ ಆಗಿಲ್ಲ, ಪವರ್ ಸಪ್ಲೈ ಕ್ಯಾಪಾಸಿಟರ್ ಬದಲಿಸಿ ಬಯಾಸ್ (ಹಾಡಿಲ್ಲದಾಗ ಟ್ರಾನ್ಸಿಸ್ಟರ್‌ನಲ್ಲಿ ಹರಿಯುವ ಕರೆಂಟ್) ಮತ್ತು ಆಫ್‌ಸೆಟ್ ಸೆಟ್ ಮಾಡೋಕೆ ಎಷ್ಟಾಗುತ್ತದೆ ಅಂತ ಸರ್ವೀಸ್ ಸೆಂಟರಿನಿಂದ ಎಸ್ಟಿಮೇಟ್ ಬರೆಸಿಕೊಳ್ಳಿ. ಅಷ್ಟೂ ದುಡ್ಡು ರೇಟಿನಲ್ಲಿ ಕಳೆಯಲಿ, ಅದು ನ್ಯಾಯವಾದ ಬೇಡಿಕೆಯೇ.

ಸರ್ವೀಸ್ ಸೆಂಟರಿನವರ ಹತ್ತಿರ ಇನ್ನೊಂದು ಮಾತು ಕೇಳಲೇಬೇಕು: ಈ ಮಾಡೆಲ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್ ಸ್ಟಾಕ್ ಇದೆಯಾ? ಹಳೆಯ ಆಡಿಯೋ ಟ್ರಾನ್ಸಿಸ್ಟರ್‌ಗಳಲ್ಲಿ ಎಷ್ಟೋ ನಂಬರ್‌ಗಳ ತಯಾರಿಕೆಯೇ ನಿಂತಿದೆ, ಹೊರಗೆ ಸಿಗುವುದರಲ್ಲಿ ನಕಲಿ ತುಂಬಾ. ಇದೆ ಅಂದರೆ ಹಳೆಯದನ್ನೇ ತಗೊಳ್ಳಿ, ನಿಮಗೆ ಹಿಡಿಸಿದ್ದೂ ಅದೇ. ಇಲ್ಲ ಅಂದರೆ ಎಷ್ಟೇ ಚೆನ್ನಾಗಿ ಹಾಡಿದರೂ ಬೇಡ. ಸರ್ವೀಸ್ ಮಾಡಿಸಿದ ಮೇಲೆ ಒಂದು ಗಂಟೆ ಬಿಸಿಯಾಗಲು ಬಿಟ್ಟು ನೀವೇ ಇನ್ನೊಮ್ಮೆ ಅಳೆಯಿರಿ, ಎರಡೂ ಕಡೆ 20ರ ಒಳಗೆ ಬರಬೇಕು.